ಉಬುಂಟು 24.04: ಲ್ಯಾಪ್‌ಟಾಪ್‌ನ ಎಚ್‌ಡಿಎಂಐ ಪೋರ್ಟಿಗೆ ಜೋಡಿಸಿದ ಮಾನಿಟರ್ ಪತ್ತೆಯಾಗುತ್ತಿಲ್ಲ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಾನು ಕನ್ನಡ ವಿಕಿಸೋರ್ಸ್‌ಗಾಗಿ ಹಳೆಯ ಪುಸ್ತಕಗಳ ಪುಟಗಳನ್ನು ತಿದ್ದುತ್ತೇನೆ. ಸ್ಕ್ಯಾನ್ ಆದ ಪುಟವನ್ನು ಒಂದು ಪರದೆಯಲ್ಲಿ ದೊಡ್ಡದಾಗಿ ಇಟ್ಟುಕೊಂಡು ಇನ್ನೊಂದರಲ್ಲಿ ಪಠ್ಯವನ್ನು ತಿದ್ದಬೇಕೆಂದು 24 ಇಂಚಿನ ಮಾನಿಟರ್ ಒಂದನ್ನು ಕೊಂಡಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11 ಮತ್ತು ಉಬುಂಟು 24.04 ಎರಡೂ ಇವೆ. ವಿಂಡೋಸ್‌ನಲ್ಲಿ ಕೇಬಲ್ ಸಿಕ್ಕಿಸಿದ ಕೂಡಲೇ ಮಾನಿಟರ್ ಬೆಳಗುತ್ತದೆ. ಅದೇ ಕೇಬಲ್, ಅದೇ ಪೋರ್ಟ್, ಅದೇ ಮಾನಿಟರ್; ಆದರೂ ಉಬುಂಟುವಿನಲ್ಲಿ ಮಾತ್ರ ‘ನೋ ಸಿಗ್ನಲ್’ ಎಂದು ತೋರಿಸಿ ಮಾನಿಟರ್ ನಿದ್ರೆಗೆ ಜಾರುತ್ತದೆ.

ಸೆಟ್ಟಿಂಗ್ಸ್‌ನ ಡಿಸ್‌ಪ್ಲೇ ವಿಭಾಗದಲ್ಲಿ ಲ್ಯಾಪ್‌ಟಾಪ್‌ನ ಸ್ವಂತ ಪರದೆಯೊಂದೇ ಕಾಣುತ್ತದೆ. ಟರ್ಮಿನಲ್‌ನಲ್ಲಿ ‘ಎಕ್ಸ್‌ರ‍್ಯಾಂಡರ್’ ಎಂಬ ಕಮಾಂಡ್ ಕೊಟ್ಟು ನೋಡಿದಾಗಲೂ ‘ಇಡಿಪಿ-1’ (ಲ್ಯಾಪ್‌ಟಾಪ್‌ನ ಸ್ವಂತ ಪರದೆ) ಎಂಬ ಒಂದೇ ಹೆಸರು ಬಂತು. ಪ್ರೊಸೆಸರ್ ಇಂಟೆಲ್‌ನ 12ನೆಯ ತಲೆಮಾರಿನದು, ಅದರ ಜೊತೆಗೆ ಎನ್‌ವಿಡಿಯಾ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಚಿಪ್ ಇದೆ. ಉಬುಂಟುವನ್ನು ಹಾಕಿಕೊಟ್ಟವರು ಕಂಪ್ಯೂಟರ್ ಅಂಗಡಿಯವರು. ಎನ್‌ವಿಡಿಯಾದ 550ನೆಯ ಆವೃತ್ತಿಯ ಡ್ರೈವರ್ ಅನ್ನೂ ಅವರೇ ಹಾಕಿದರು. ಆಗ ಯಾವುದೋ ಪಾಸ್‌ವರ್ಡ್ ಇಡುವಂತೆ ಕೇಳಿತ್ತೆಂದೂ, ಮತ್ತೆ ಆನ್ ಮಾಡಿದಾಗ ನೀಲಿ ಬಣ್ಣದ ಪರದೆಯೊಂದು ಬಂದು ಕೆಲವು ಸೆಕೆಂಡುಗಳಲ್ಲಿ ತಾನಾಗಿಯೇ ಹೋಯಿತೆಂದೂ ನೆನಪು. ಅದಕ್ಕೂ ಈ ತೊಂದರೆಗೂ ಸಂಬಂಧವಿದೆಯೋ ಇಲ್ಲವೋ ತಿಳಿಯದು. ಎಲ್ಲಿಂದ ಹುಡುಕಲು ಆರಂಭಿಸಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ 1

ನಮಸ್ಕಾರ. ವಿಂಡೋಸ್‌ನಲ್ಲಿ ಎಲ್ಲವೂ ಸರಿಯಾಗಿ ನಡೆಯುತ್ತಿರುವುದರಿಂದ ಕೇಬಲ್, ಪೋರ್ಟ್, ಮಾನಿಟರ್ ಈ ಮೂರನ್ನೂ ಸದ್ಯಕ್ಕೆ ಅನುಮಾನದಿಂದ ಹೊರಗಿಡಬಹುದು. ಇಂತಹ ಪ್ರಶ್ನೆಗಳಿಗೆ ‘ಬೇರೆ ಕೇಬಲ್ ಹಾಕಿ ನೋಡಿ’ ಎಂಬ ಉತ್ತರವೇ ಮೊದಲು ಬರುತ್ತದೆ. ನಿಮ್ಮ ವಿಷಯದಲ್ಲಿ ಅದರಿಂದ ಪ್ರಯೋಜನವಿಲ್ಲ.

ಎಕ್ಸ್‌ರ‍್ಯಾಂಡರ್ ಹೇಳುವುದನ್ನು ಪೂರ್ತಿ ನಂಬಬೇಡಿ. ನಿಮ್ಮ ಸೆಷನ್ ವೇಲ್ಯಾಂಡ್‌ನಲ್ಲಿ (ಪರದೆಗೆ ಚಿತ್ರ ಕಳುಹಿಸುವ ಹೊಸ ವ್ಯವಸ್ಥೆ) ನಡೆಯುತ್ತಿದ್ದರೆ, ಆ ಕಮಾಂಡ್ ತೋರಿಸುವುದು ಎಕ್ಸ್‌ವೇಲ್ಯಾಂಡ್ ಎಂಬ ಮಧ್ಯವರ್ತಿ ಒದಗಿಸಿದ ಚಿತ್ರವನ್ನೇ ಹೊರತು ಕರ್ನಲ್ (ಉಬುಂಟುವಿನ ತಿರುಳಾದ ತಂತ್ರಾಂಶ) ಕಂಡದ್ದನ್ನಲ್ಲ. ಕರ್ನಲ್ ಏನನ್ನು ಕಾಣುತ್ತಿದೆ ಎಂಬುದನ್ನು ನೇರವಾಗಿ ತಿಳಿಯಲು ‘/ಸಿಸ್/ಕ್ಲಾಸ್/ಡಿಆರ್‌ಎಂ’ ಎಂಬ ಫೋಲ್ಡರನ್ನು ತೆರೆಯಬೇಕು. ಅಲ್ಲಿ ‘ಕಾರ್ಡ್1-ಇಡಿಪಿ-1’, ‘ಕಾರ್ಡ್1-ಎಚ್‌ಡಿಎಂಐ-ಎ-1’ ಮುಂತಾದ ಹೆಸರುಗಳಿರುತ್ತವೆ. ಇವುಗಳಲ್ಲಿ ಒಂದೊಂದೂ ಒಂದು ವಿಡಿಯೊ ಪೋರ್ಟ್. ಪ್ರತಿಯೊಂದರೊಳಗೂ ‘ಸ್ಟೇಟಸ್’ ಎಂಬ ಪುಟ್ಟ ಫೈಲ್ ಇದ್ದು, ಅದರಲ್ಲಿ ‘ಕನೆಕ್ಟೆಡ್’ ಅಥವಾ ‘ಡಿಸ್‌ಕನೆಕ್ಟೆಡ್’ ಎಂದು ಬರೆದಿರುತ್ತದೆ.

ಮಾನಿಟರ್ ಪತ್ತೆಯಾಗುತ್ತಿಲ್ಲ ಎನ್ನುವವರ ಸ್ಥಿತಿ ಮೂರು ಬಗೆಯದಾಗಿರಬಹುದು: ಪಟ್ಟಿಯಲ್ಲಿ ಎಚ್‌ಡಿಎಂಐ ಹೆಸರೇ ಇಲ್ಲದಿರುವುದು, ಹೆಸರಿದ್ದು ‘ಡಿಸ್‌ಕನೆಕ್ಟೆಡ್’ ಎಂದಿರುವುದು, ‘ಕನೆಕ್ಟೆಡ್’ ಎಂದೇ ಇದ್ದರೂ ಪರದೆ ಕಪ್ಪಾಗಿರುವುದು. ಊರಿನಲ್ಲಿ ಮನೆಯೇ ಇಲ್ಲದಿರುವುದಕ್ಕೂ ಇರುವ ಮನೆಗೆ ಬೀಗ ಹಾಕಿರುವುದಕ್ಕೂ ಎಷ್ಟು ಅಂತರವೋ, ಮೊದಲ ಎರಡಕ್ಕೂ ಅಷ್ಟೇ ಅಂತರ. ಇವನ್ನು ಬೇರ್ಪಡಿಸದೆ ಅಂತರ್ಜಾಲದಲ್ಲಿ ಸಿಕ್ಕ ಕಮಾಂಡ್‌ಗಳನ್ನೆಲ್ಲ ಒಂದರ ಮೇಲೊಂದು ಕೊಡುತ್ತ ಹೋದರೆ, ಕೊನೆಗೆ ಮೊದಲಿನ ತೊಂದರೆ ಯಾವುದು, ನಾವು ತಂದುಕೊಂಡದ್ದು ಯಾವುದು ಎಂದು ಹೇಳಲು ಬಾರದಂತಾಗುತ್ತದೆ.

ಆದ್ದರಿಂದ ದಯವಿಟ್ಟು ಈ ಕೆಳಗಿನವನ್ನು ನೋಡಿ ತಿಳಿಸಿ. ಮಾನಿಟರ್ ಜೋಡಿಸಿಟ್ಟುಕೊಂಡೇ ಮೇಲೆ ಹೇಳಿದ ಫೋಲ್ಡರಿನಲ್ಲಿ ಯಾವ ಯಾವ ಹೆಸರುಗಳಿವೆ? ‘ಎಲ್‌ಎಸ್‌ಪಿಸಿಐ -ಕೆ’ ಎಂಬ ಕಮಾಂಡ್ ಕೊಟ್ಟಾಗ ಎನ್‌ವಿಡಿಯಾ ಸಾಲಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್’ ಎಂಬ ಸಾಲು ಬರುತ್ತದೆಯೇ? ‘/ಪ್ರಾಕ್/ಸಿಎಂಡಿಲೈನ್’ ಫೈಲಿನಲ್ಲಿ ‘ನೋಮೋಡ್‌ಸೆಟ್’ ಎಂಬ ಪದವಿದೆಯೇ? ಕೊನೆಯದನ್ನು ಕೇಳುವುದಕ್ಕೆ ಕಾರಣವಿದೆ. ಇನ್‌ಸ್ಟಾಲ್ ಮಾಡುವಾಗ ‘ಸೇಫ್ ಗ್ರಾಫಿಕ್ಸ್’ ಆಯ್ಕೆ ಮಾಡಿದ್ದರೆ ಆ ಪದ ಬೂಟ್ ಸಾಲಿನಲ್ಲಿ ಉಳಿದುಕೊಂಡಿರುವ ಸಾಧ್ಯತೆ ಇದೆ. ಅದು ಇರುವವರೆಗೂ ಗ್ರಾಫಿಕ್ಸ್ ಡ್ರೈವರ್‌ಗಳು ತಮ್ಮ ಕೆಲಸ ಶುರುಮಾಡುವುದೇ ಇಲ್ಲ, ಫರ್ಮ್‌ವೇರ್ (ಯಂತ್ರದೊಳಗೇ ಇರುವ ಆರಂಭಿಕ ತಂತ್ರಾಂಶ) ಹಚ್ಚಿಟ್ಟ ಒಂದು ಪರದೆಯಲ್ಲೇ ಎಲ್ಲವೂ ನಡೆಯುತ್ತದೆ.

ಪ್ರಶ್ನೆ ಕೇಳಿದವರು

ವಿವರವಾಗಿ ಬರೆದಿದ್ದಕ್ಕೆ ಧನ್ಯವಾದಗಳು. ನೀವು ಹೇಳಿದಂತೆ ನೋಡಿದೆ. ಡಿಆರ್‌ಎಂ ಫೋಲ್ಡರಿನಲ್ಲಿ ‘ಕಾರ್ಡ್1-ಇಡಿಪಿ-1’ ಮತ್ತು ‘ಕಾರ್ಡ್1-ಡಿಪಿ-1’ (ಡಿಪಿ ಎಂದರೆ ಡಿಸ್‌ಪ್ಲೇಪೋರ್ಟ್) ಎಂಬ ಹೆಸರುಗಳಿವೆ. ಮೊದಲನೆಯದು ‘ಕನೆಕ್ಟೆಡ್’, ಎರಡನೆಯದು ‘ಡಿಸ್‌ಕನೆಕ್ಟೆಡ್’. ಎಚ್‌ಡಿಎಂಐ ಎಂಬ ಹೆಸರು ಎಲ್ಲಿಯೂ ಇಲ್ಲ. ‘ನೋಮೋಡ್‌ಸೆಟ್’ ಎಂಬ ಪದವೂ ಇಲ್ಲ.

ಎಲ್‌ಎಸ್‌ಪಿಸಿಐ ಪಟ್ಟಿಯಲ್ಲಿ ಇಂಟೆಲ್ ಸಾಲಿನ ಕೆಳಗೆ ‘ಕರ್ನಲ್ ಡ್ರೈವರ್ ಇನ್ ಯೂಸ್: ಐ915’ ಎಂದಿದೆ. ಎನ್‌ವಿಡಿಯಾವನ್ನು ‘ವಿಜಿಎ ಕಂಪ್ಯಾಟಿಬಲ್ ಕಂಟ್ರೋಲರ್’ ಎಂದು ತೋರಿಸಿ, ಅದರ ಕೆಳಗೆ ‘ಕರ್ನಲ್ ಮಾಡ್ಯೂಲ್ಸ್’ ಎಂದು ನೂವೋ (ಎನ್‌ವಿಡಿಯಾ ಚಿಪ್‌ಗಳಿಗಿರುವ ಮುಕ್ತ ಡ್ರೈವರ್), ಎನ್‌ವಿಡಿಯಾ ಮುಂತಾದವನ್ನು ಪಟ್ಟಿ ಮಾಡಿದೆಯೇ ಹೊರತು ‘ಇನ್ ಯೂಸ್’ ಎಂಬ ಸಾಲು ಬಂದಿಲ್ಲ. ‘ಎನ್‌ವಿಡಿಯಾ-ಎಸ್‌ಎಂಐ’ ಎಂಬ ಕಮಾಂಡ್ ಕೊಟ್ಟರೆ, ಡ್ರೈವರ್ ಜೊತೆ ಸಂಪರ್ಕ ಸಾಧಿಸಲಾಗಲಿಲ್ಲ ಎಂಬ ಅರ್ಥದ ಸಂದೇಶ ಬರುತ್ತದೆ.

ಉತ್ತರ 2

ಕಾರಣ ಸ್ಪಷ್ಟವಾಗಿಯೇ ಇದೆ. ಎನ್‌ವಿಡಿಯಾ ಮಾಡ್ಯೂಲ್ (ಕರ್ನಲ್‌ಗೆ ಸೇರುವ ಡ್ರೈವರ್ ಭಾಗ) ಲೋಡ್ ಆಗಿಲ್ಲ. ನಿಮಗೆ ಕಾಣಿಸಿದ ನೀಲಿ ಪರದೆ ಸೆಕ್ಯೂರ್ ಬೂಟ್‌ಗೆ (ನಂಬಿಕೆಯ ಸಹಿ ಇಲ್ಲದ ತಂತ್ರಾಂಶವನ್ನು ತಡೆಯುವ ವ್ಯವಸ್ಥೆ) ಸಂಬಂಧಿಸಿದ್ದು. ಬಯಾಸ್‌ಗೆ (ಯಂತ್ರದ ಆರಂಭಿಕ ಸೆಟ್ಟಿಂಗ್ಸ್) ಹೋಗಿ ಸೆಕ್ಯೂರ್ ಬೂಟ್ ಅನ್ನು ಆಫ್ ಮಾಡಿ, ಮತ್ತೆ ಆನ್ ಮಾಡಿ, ಮಾನಿಟರ್ ಬರುತ್ತದೆ. ಹೆಚ್ಚಿನ ತಲೆನೋವು ಬೇಡ.

ಉತ್ತರ 3

ಮೇಲಿನವರು ಹೇಳಿದ ಕಾರಣವನ್ನು ಒಪ್ಪುತ್ತೇನೆ, ಆದರೆ ಅವರು ಸೂಚಿಸಿದ ಪರಿಹಾರವನ್ನು ನಿಮ್ಮ ಯಂತ್ರದ ಮಟ್ಟಿಗೆ ಒಪ್ಪಲಾರೆ. ನಿಮ್ಮಲ್ಲಿ ವಿಂಡೋಸ್ 11 ಇದೆ. ಅದರಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಚಾಲನೆಯಲ್ಲಿದ್ದರೆ (ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಎಷ್ಟೋ ಸಲ ಒಡೆಯರಿಗೆ ತಿಳಿಯದೆಯೇ ಚಾಲನೆಯಲ್ಲಿರುತ್ತದೆ), ಸೆಕ್ಯೂರ್ ಬೂಟ್‌ನ ಸ್ಥಿತಿ ಬದಲಾದ ಕೂಡಲೇ ವಿಂಡೋಸ್ 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳುವ ಸಾಧ್ಯತೆ ಇದೆ. ಆ ಕೀಲಿ ಕೈಯಲ್ಲಿಲ್ಲದಿದ್ದರೆ, ಮಾನಿಟರ್ ಒಂದಕ್ಕಾಗಿ ಇಡೀ ವಿಂಡೋಸ್‌ನಿಂದ ಹೊರಗುಳಿಯಬೇಕಾಗುತ್ತದೆ.

ಏನು ನಡೆದಿದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎರಡು ಗ್ರಾಫಿಕ್ಸ್ ಚಿಪ್‌ಗಳಿರುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಒಳಗಿನ ಪರದೆಯ ತಂತಿ ಇಂಟೆಲ್‌ಗೆ ಹೋಗಿರುತ್ತದೆ, ಎಚ್‌ಡಿಎಂಐ ಪೋರ್ಟಿನ ತಂತಿ ಎನ್‌ವಿಡಿಯಾಕ್ಕೆ ಹೋಗಿರುತ್ತದೆ. ಎಲ್‌ಎಸ್‌ಪಿಸಿಐಯಲ್ಲಿ ಎನ್‌ವಿಡಿಯಾ ‘3ಡಿ ಕಂಟ್ರೋಲರ್’ ಎಂದು ಬರದೆ ‘ವಿಜಿಎ ಕಂಪ್ಯಾಟಿಬಲ್’ ಎಂದು ಬಂದಿರುವುದೂ ಅದಕ್ಕೆ ಹೊರಗಿನ ಪೋರ್ಟ್ ಇದೆ ಎಂಬುದರ ಸುಳಿವು; ಸುಳಿವು ಮಾತ್ರ, ಸಾಕ್ಷಿಯಲ್ಲ. ಎನ್‌ವಿಡಿಯಾ ಚಿಪ್ಪಿಗೆ ಡ್ರೈವರೇ ಅಂಟಿಕೊಳ್ಳದಿದ್ದಾಗ, ಅದರ ಪೋರ್ಟ್‌ಗಳನ್ನು ಕರ್ನಲ್‌ಗೆ ಪರಿಚಯಿಸುವವರು ಯಾರೂ ಇರುವುದಿಲ್ಲ. ಎಚ್‌ಡಿಎಂಐ ಜೋಡಣೆಯಲ್ಲಿ ಲ್ಯಾಪ್‌ಟಾಪ್ 18ನೆಯ ಪಿನ್ನಿನಲ್ಲಿ 5 ವೋಲ್ಟ್ ಕೊಡುತ್ತದೆ, ಮಾನಿಟರ್ 19ನೆಯ ಪಿನ್ನಿನ ಮೂಲಕ ‘ನಾನಿದ್ದೇನೆ’ ಎಂದು ತಿಳಿಸುತ್ತದೆ, ಅನಂತರ 15 ಮತ್ತು 16ನೆಯ ಪಿನ್ನುಗಳ ಮೂಲಕ ಅದರ ಗುಣಲಕ್ಷಣಗಳ ಪಟ್ಟಿಯಾದ ಇಡಿಐಡಿಯನ್ನು ಓದಲಾಗುತ್ತದೆ. ನಿಮ್ಮ ಉಬುಂಟುವಿನಲ್ಲಿ ಮಾನಿಟರ್ ಕೊಡುವ ಈ ಸೂಚನೆಯನ್ನು ಕೇಳಿಸಿಕೊಳ್ಳುವ ತುದಿಯೇ ಇಲ್ಲ.

ಇನ್ನು ಡ್ರೈವರ್ ಏಕೆ ಲೋಡ್ ಆಗಲಿಲ್ಲ ಎಂಬುದು. ಡ್ರೈವರ್‌ನಲ್ಲಿ ದೋಷವಿದೆ ಎಂದು ನನಗನಿಸುವುದಿಲ್ಲ. ಉಬುಂಟುವಿನಲ್ಲಿ ಎನ್‌ವಿಡಿಯಾ ಮಾಡ್ಯೂಲ್ ಎರಡು ದಾರಿಗಳಿಂದ ಬರುತ್ತದೆ. ಉಬುಂಟುವನ್ನು ಹೊರತರುವ ಕೆನಾನಿಕಲ್ ಸಂಸ್ಥೆ ಮೊದಲೇ ಸಿದ್ಧಪಡಿಸಿ ತನ್ನ ಕೀಲಿಯಿಂದ ಸಹಿ ಮಾಡಿದ ಮಾಡ್ಯೂಲ್ ಒಂದು ದಾರಿ. ಡಿಕೆಎಂಎಸ್ ಎಂಬ ಸಲಕರಣೆ ನಿಮ್ಮ ಯಂತ್ರದಲ್ಲಿಯೇ ಕಟ್ಟುವ ಮಾಡ್ಯೂಲ್ ಇನ್ನೊಂದು ದಾರಿ. ಎರಡನೆಯದಕ್ಕೆ ನಿಮ್ಮ ಯಂತ್ರದಲ್ಲಿಯೇ ಹುಟ್ಟಿದ ಕೀಲಿಯಿಂದ ಸಹಿ ಬೀಳುತ್ತದೆ. ಆ ಕೀಲಿಯನ್ನು ಯಂತ್ರದ ಒಡೆಯರೇ ಖುದ್ದಾಗಿ ನೋಂದಾಯಿಸಿಕೊಳ್ಳಬೇಕು, ಇಲ್ಲದಿದ್ದರೆ ಸೆಕ್ಯೂರ್ ಬೂಟ್ ಚಾಲನೆಯಲ್ಲಿರುವ ಕರ್ನಲ್ ಆ ಮಾಡ್ಯೂಲನ್ನು ಒಳಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಕೇಳಿದ ಪಾಸ್‌ವರ್ಡ್ ಈ ನೋಂದಣಿಗೆ ಸಂಬಂಧಿಸಿದ್ದು. ತಾನಾಗಿ ಹೋದ ನೀಲಿ ಪರದೆಯೇ ನೋಂದಣಿಯ ಜಾಗ. ಅಲ್ಲಿ ಯಾರೂ ಕೀಲಿ ಒತ್ತದಿದ್ದರೆ ಅದು ಸ್ವಲ್ಪ ಹೊತ್ತು ಕಾದು ಬೂಟ್ ಮುಂದುವರಿಸುತ್ತದೆ, ಮತ್ತೆ ತಾನಾಗಿ ಬರುವುದಿಲ್ಲ. ಕೆಲಸಕ್ಕೆ ತೊಡಗುವ ಮುನ್ನ ಈ ಊಹೆಯನ್ನು ಖಚಿತಪಡಿಸಿಕೊಳ್ಳಿ. ‘ಸುಡೊ ಮಾಡ್‌ಪ್ರೋಬ್ ಎನ್‌ವಿಡಿಯಾ’ ಎಂದು ಕೊಟ್ಟಾಗ ‘ಕೀ ವಾಸ್ ರಿಜೆಕ್ಟೆಡ್ ಬೈ ಸರ್ವಿಸ್’ ಎಂಬ ಉತ್ತರ ಬಂದರೆ ಕಾರಣ ಇದೇ. ‘ಮಾಡ್‌ಇನ್ಫೊ ಎನ್‌ವಿಡಿಯಾ’ ಎಂದು ಕೊಟ್ಟರೆ ‘ಸೈನರ್’ ಎಂಬ ಸಾಲಿನಲ್ಲಿ ಸಹಿ ಯಾರದು ಎಂಬುದೂ ಕಾಣುತ್ತದೆ. ಅಲ್ಲಿ ಕೆನಾನಿಕಲ್ ಎಂಬುದರ ಬದಲು ನಿಮ್ಮ ಕಂಪ್ಯೂಟರಿನ ಹೆಸರಿದ್ದರೆ ಅದು ಡಿಕೆಎಂಎಸ್ ಕಟ್ಟಿದ ಮಾಡ್ಯೂಲ್.

ಪರಿಹಾರ ಹೀಗೆ. ‘ಸುಡೊ ಮಾಕ್‌ಯುಟಿಲ್ --ಇಂಪೋರ್ಟ್’ ಎಂದು ಬರೆದು, ಅದರ ಮುಂದೆ ‘/ವಾರ್/ಲಿಬ್/ಶಿಮ್-ಸೈನ್ಡ್/ಮಾಕ್’ ಫೋಲ್ಡರಿನಲ್ಲಿರುವ ‘ಮಾಕ್.ಡೆರ್’ ಫೈಲಿನ ಪೂರ್ಣ ದಾರಿಯನ್ನು ಕೊಡಿ. ಅದು ಹೊಸ ಪಾಸ್‌ವರ್ಡ್ ಒಂದನ್ನು ಕೇಳುತ್ತದೆ. ಇದು ಒಂದು ಸಲದ ಬಳಕೆಗೆ ಮಾತ್ರ, ಲಾಗಿನ್ ಪಾಸ್‌ವರ್ಡ್ ಅಲ್ಲ. ನೀಲಿ ಪರದೆಯಲ್ಲಿ ಕೀಲಿಮಣೆ ಅಮೆರಿಕದ ವಿನ್ಯಾಸದಲ್ಲಿ ಇರುವುದರಿಂದ ವಿಶೇಷ ಚಿಹ್ನೆಗಳಿಲ್ಲದ ಸರಳ ಪಾಸ್‌ವರ್ಡ್ ಇಡುವುದು ಒಳ್ಳೆಯದು. ಮರಳಿ ಚಾಲೂ ಮಾಡಿ ಯಂತ್ರದ ಎದುರೇ ಕುಳಿತಿರಿ. ನೀಲಿ ಪರದೆ ಬಂದ ಕೂಡಲೇ ಯಾವುದಾದರೂ ಕೀಲಿ ಒತ್ತಿ, ‘ಎನ್‌ರೋಲ್ ಮಾಕ್’ (ಮಾಕ್ ಎಂದರೆ ಯಂತ್ರದ ಒಡೆಯರ ಕೀಲಿ) ಆಯ್ಕೆ ಮಾಡಿ, ‘ಕಂಟಿನ್ಯೂ’, ‘ಯೆಸ್’ ಎಂದು ಮುಂದುವರಿದು ಆ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಿ. ಈ ಕೀಲಿ ಸೇರುವುದು ಶಿಮ್ ಎಂಬ ಬೂಟ್ ತಂತ್ರಾಂಶ ನೋಡಿಕೊಳ್ಳುವ ಬೇರೆ ಪಟ್ಟಿಗೆ. ಫರ್ಮ್‌ವೇರ್‌ನ ಮೂಲ ಕೀಲಿಗಳು ಇದ್ದ ಹಾಗೆಯೇ ಇರುತ್ತವೆ, ಸೆಕ್ಯೂರ್ ಬೂಟ್ ಕೂಡ ಚಾಲನೆಯಲ್ಲಿಯೇ ಇರುತ್ತದೆ.

ನೋಂದಣಿಯ ಗೊಡವೆಯೇ ಬೇಡವೆನ್ನುವುದಾದರೆ ಇನ್ನೊಂದು ದಾರಿಯೂ ಇದೆ. ಡಿಕೆಎಂಎಸ್ ಪ್ಯಾಕೇಜನ್ನು ತೆಗೆದು, ನಿಮ್ಮ ಕರ್ನಲ್‌ಗೆ ಹೊಂದುವ ‘ಲಿನಕ್ಸ್-ಮಾಡ್ಯೂಲ್ಸ್-ಎನ್‌ವಿಡಿಯಾ-550’ ಸರಣಿಯ ಪ್ಯಾಕೇಜನ್ನು ಹಾಕಿಕೊಂಡರೆ ಕೆನಾನಿಕಲ್‌ನ ಸಹಿಯೇ ಸಾಕಾಗುತ್ತದೆ. ದೀರ್ಘಕಾಲಕ್ಕೆ ಇದೇ ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ಕರ್ನಲ್ ನವೀಕರಣವಾದಾಗಲೆಲ್ಲ ನಿಮ್ಮ ಯಂತ್ರದಲ್ಲಿ ಮಾಡ್ಯೂಲ್ ಕಟ್ಟುವ ಕೆಲಸ ತಪ್ಪುತ್ತದೆ. ಆದರೆ ಕರ್ನಲ್ ಬಗೆ ಜೆನೆರಿಕ್ಕೋ, ಎಚ್‌ಡಬ್ಲ್ಯೂಇಯೋ (ಹೊಸ ಯಂತ್ರಾಂಶಕ್ಕಾಗಿ ಬರುವ ಬಗೆ) ಎಂಬುದನ್ನು ನೋಡಿ ಹೆಸರು ಸರಿಯಾಗಿ ಆರಿಸಬೇಕು.

ಪ್ರಶ್ನೆ ಕೇಳಿದವರು

ಮಾಡ್‌ಪ್ರೋಬ್‌ಗೆ ಬಂದ ಉತ್ತರ ಅಕ್ಷರಶಃ ನೀವು ಬರೆದದ್ದೇ. ಕೀಲಿಯನ್ನು ನೋಂದಾಯಿಸಿದೆ. ಈಗ ಎಲ್‌ಎಸ್‌ಪಿಸಿಐಯಲ್ಲಿ ‘ಡ್ರೈವರ್ ಇನ್ ಯೂಸ್: ಎನ್‌ವಿಡಿಯಾ’ ಎಂದು ಬರುತ್ತಿದೆ, ಡಿಆರ್‌ಎಂ ಫೋಲ್ಡರಿನಲ್ಲಿ ‘ಕಾರ್ಡ್0-ಎಚ್‌ಡಿಎಂಐ-ಎ-1’ ಎಂಬ ಹೊಸ ಹೆಸರು ಸೇರಿದೆ, ಅದರ ಸ್ಥಿತಿ ‘ಕನೆಕ್ಟೆಡ್’. ಮಾನಿಟರ್ 1920×1080ರಲ್ಲಿ ಸೊಗಸಾಗಿ ನಡೆಯುತ್ತಿದೆ. ಎಲ್ಲರಿಗೂ ಕೃತಜ್ಞತೆಗಳು.

ಒಂದು ಸಣ್ಣ ಸಂದೇಹ ಉಳಿದಿದೆ. ಮಾನಿಟರ್ ಜೋಡಿಸಿದಾಗ ಬ್ಯಾಟರಿ ಬೇಗ ಇಳಿಯುತ್ತದೆ, ಫ್ಯಾನ್ ಸದ್ದೂ ಹೆಚ್ಚು. ‘ಪ್ರೈಮ್-ಸೆಲೆಕ್ಟ್’ ಕಮಾಂಡ್‌ನಿಂದ ಇಂಟೆಲ್ ಮೋಡ್‌ಗೆ ಬದಲಿಸಿದರೆ ಬ್ಯಾಟರಿ ಉಳಿಯುತ್ತದೆ ಎಂದು ಓದಿದೆ. ಹಾಗೆ ಮಾಡಬಹುದೇ?

ಉತ್ತರ 3 ಬರೆದವರು

ಮಾನಿಟರ್ ಬೇಕೆನ್ನುವವರೆಗೂ ಹಾಗೆ ಮಾಡಬೇಡಿ. ಇಂಟೆಲ್ ಮೋಡ್‌ನಲ್ಲಿ ಎನ್‌ವಿಡಿಯಾ ಚಿಪ್ಪು ಪೂರ್ತಿ ಕಾರ್ಯಮುಕ್ತವಾಗುತ್ತದೆ. ಅದಕ್ಕೆ ಸೇರಿದ ಎಚ್‌ಡಿಎಂಐ ಪೋರ್ಟೂ ಅದರ ಜೊತೆಗೇ ಮರೆಯಾಗಿ, ನೀವು ಮೊದಲಿನ ಸ್ಥಿತಿಗೇ ಮರಳುತ್ತೀರಿ. ‘ಪ್ರೈಮ್-ಸೆಲೆಕ್ಟ್ ಕ್ವೆರಿ’ ಎಂದು ಕೇಳಿದಾಗ ‘ಆನ್-ಡಿಮ್ಯಾಂಡ್’ ಎಂದು ಬರುವಂತೆ ಇಟ್ಟುಕೊಳ್ಳುವುದು ನಿಮಗೆ ಸೂಕ್ತ. ಆ ಮೋಡ್‌ನಲ್ಲಿ ಚಿತ್ರ ಬಿಡಿಸುವ ಕೆಲಸ ಹೆಚ್ಚಾಗಿ ಇಂಟೆಲ್‌ನದೇ ಆಗಿರುತ್ತದೆ, ಹೊರಗಿನ ಪರದೆಗೆ ಬೇಕಾದ ಚಿತ್ರವನ್ನು ಎನ್‌ವಿಡಿಯಾಕ್ಕೆ ನಕಲು ಮಾಡಿ ಕಳುಹಿಸಲಾಗುತ್ತದೆ. ಕೇಬಲ್ ಇರುವವರೆಗೆ ಎನ್‌ವಿಡಿಯಾ ಎಚ್ಚರವಾಗಿರಲೇಬೇಕು. ಬ್ಯಾಟರಿ ಇಳಿಯುವುದು ಅದರ ಬೆಲೆ. ಮಾನಿಟರ್ ಬಳಸುವಾಗ ಚಾರ್ಜರ್ ಹಾಕಿಕೊಂಡಿರಿ.

ಉತ್ತರ 1 ಮತ್ತು ನನ್ನ ಮಾತುಗಳಿಗೆ ಒಂದು ಷರತ್ತನ್ನೂ ಸೇರಿಸಬೇಕು. ಎನ್‌ವಿಡಿಯಾ ಡ್ರೈವರ್ ಸರಿಯಾಗಿ ಲೋಡ್ ಆಗಿದ್ದರೂ ‘ಎನ್‌ವಿಡಿಯಾ-ಡಿಆರ್‌ಎಂ’ ಮಾಡ್ಯೂಲಿನ ‘ಮೋಡ್‌ಸೆಟ್’ ಆಯ್ಕೆ ಆಫ್ ಆಗಿದ್ದರೆ ಅದರ ಪೋರ್ಟ್‌ಗಳು ಡಿಆರ್‌ಎಂ ಫೋಲ್ಡರಿನಲ್ಲಿ ಕಾಣುವುದಿಲ್ಲ. ಬೇರೆ ಲಿನಕ್ಸ್ ವಿತರಣೆಗಳನ್ನು ಬಳಸುವವರು ‘/ಸಿಸ್/ಮಾಡ್ಯೂಲ್/ಎನ್‌ವಿಡಿಯಾ_ಡಿಆರ್‌ಎಂ/ಪ್ಯಾರಾಮೀಟರ್ಸ್/ಮೋಡ್‌ಸೆಟ್’ ಫೈಲನ್ನು ಸುಡೊ ಜೊತೆಗೆ ಓದಿ, ಅಲ್ಲಿ ‘ವೈ’ ಇದೆಯೇ ಎಂದು ನೋಡಿಕೊಳ್ಳಬೇಕು.

ಇನ್ನೊಬ್ಬ ಸದಸ್ಯರು

ಮಧ್ಯೆ ಬರುತ್ತಿರುವುದಕ್ಕೆ ಕ್ಷಮೆಯಿರಲಿ. ನನ್ನ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಗ್ರಾಫಿಕ್ಸ್ ಮಾತ್ರ ಇದೆ, ಎಚ್‌ಡಿಎಂಐ ಪೋರ್ಟ್ ಇಲ್ಲ. ಯುಎಸ್‌ಬಿ-ಸಿ ಇಂದ ಎಚ್‌ಡಿಎಂಐಗೆ ಬದಲಿಸುವ ಅಡಾಪ್ಟರ್ ಮೂಲಕ ಮಾನಿಟರ್ ಜೋಡಿಸುತ್ತೇನೆ. ನನ್ನಲ್ಲಿ ‘ಡಿಪಿ-1’ ಎಂಬ ಹೆಸರಿದೆ, ಆದರೆ ‘ಡಿಸ್‌ಕನೆಕ್ಟೆಡ್’ ಎಂದೇ ತೋರಿಸುತ್ತದೆ. ಉತ್ತರ 1ರ ಪ್ರಕಾರ ನನ್ನದು ಎರಡನೆಯ ಬಗೆ. ನನ್ನಲ್ಲಿ ವಿಂಡೋಸ್ ಇಲ್ಲದಿರುವುದರಿಂದ ಹೋಲಿಸಿ ನೋಡಲು ಬರುವುದಿಲ್ಲ.

ಉತ್ತರ 1 ಬರೆದವರು

ನಿಮ್ಮ ವಿಷಯದಲ್ಲಿ ನಾನು ಮೊದಲು ಪಕ್ಕಕ್ಕಿಟ್ಟ ಕೇಬಲ್ ಮತ್ತು ಪೋರ್ಟ್‌ಗಳೇ ಮುಖ್ಯ ಅನುಮಾನಿತರು. ಯುಎಸ್‌ಬಿ-ಸಿ ಎಂಬುದು ರಂಧ್ರದ ಆಕಾರದ ಹೆಸರು, ಅದರಲ್ಲಿ ವಿಡಿಯೊ ಹರಿಯುತ್ತದೆ ಎಂಬ ಭರವಸೆಯಲ್ಲ. ಪರದೆಗಳ ಮಾನದಂಡ ರೂಪಿಸುವ ವೆಸಾ (VESA) ಸಂಸ್ಥೆ 2014ರಲ್ಲಿ ಪ್ರಕಟಿಸಿದ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಎಂಬ ವ್ಯವಸ್ಥೆ ಆ ಪೋರ್ಟಿನಲ್ಲಿ ಇದ್ದರೆ ಮಾತ್ರ ಇಂತಹ ಅಡಾಪ್ಟರ್ ಕೆಲಸ ಮಾಡುತ್ತದೆ. ಒಂದೇ ಲ್ಯಾಪ್‌ಟಾಪ್‌ನ ಎರಡು ಯುಎಸ್‌ಬಿ-ಸಿ ಪೋರ್ಟ್‌ಗಳಲ್ಲಿ ಒಂದಕ್ಕೆ ಆ ಸೌಲಭ್ಯವಿದ್ದು ಇನ್ನೊಂದಕ್ಕೆ ಇಲ್ಲದಿರುವುದೂ ಉಂಟು. ಪೋರ್ಟಿನ ಪಕ್ಕದಲ್ಲಿ ಡಿ ಮತ್ತು ಪಿ ಸೇರಿದಂತಹ ಗುರುತಾಗಲಿ ಥಂಡರ್‌ಬೋಲ್ಟ್‌ನ ಮಿಂಚಿನ ಗುರುತಾಗಲಿ ಇದ್ದರೆ ಒಳ್ಳೆಯ ಲಕ್ಷಣ. ಗುರುತಿಲ್ಲದಿದ್ದರೆ ತಯಾರಕರ ಕೈಪಿಡಿಯೇ ಗತಿ. ಅಡಾಪ್ಟರ್‌ಗೂ ಲ್ಯಾಪ್‌ಟಾಪ್‌ಗೂ ನಡುವೆ ಬೇರೆ ಕೇಬಲ್ ಹಾಕಿದ್ದರೆ ಅದನ್ನು ತೆಗೆದು ನೇರವಾಗಿ ಸಿಕ್ಕಿಸಿ. ಫೋನ್ ಜೊತೆ ಬರುವ ಕೇಬಲ್‌ಗಳಲ್ಲಿ ಎಷ್ಟೋ ಬಾರಿ ಯುಎಸ್‌ಬಿ 2.0ರ ತಂತಿಗಳಷ್ಟೇ ಇರುತ್ತವೆ, ವಿಡಿಯೊಗೆ ಬೇಕಾದ ವೇಗದ ತಂತಿಗಳು ಇರುವುದಿಲ್ಲ.

ಅಡಾಪ್ಟರ್ ಸಿಕ್ಕಿಸಿದಾಗ ‘/ಸಿಸ್/ಕ್ಲಾಸ್/ಟೈಪ್‌ಸಿ’ ಫೋಲ್ಡರಿನಲ್ಲಿ ‘ಪೋರ್ಟ್0-ಪಾರ್ಟ್‌ನರ್’ ಎಂಬಂತಹ ಹೆಸರು ಮೂಡಿದರೆ, ಅದರೊಳಗೆ ‘ಎಸ್‌ವಿಐಡಿ’ ಎಂಬ ಫೈಲನ್ನು ಹುಡುಕಿ. ಅಲ್ಲಿ ‘ಎಫ್‌ಎಫ್01’ ಎಂದಿದ್ದರೆ, ಅಡಾಪ್ಟರ್ ತನಗೆ ಡಿಸ್‌ಪ್ಲೇಪೋರ್ಟ್ ಬೇಕೆಂದು ಹೇಳಿಕೊಂಡಿದೆ ಎಂದರ್ಥ. ಆಮೇಲೂ ಚಿತ್ರ ಬರದಿದ್ದರೆ ಲ್ಯಾಪ್‌ಟಾಪ್‌ನ ಪೋರ್ಟ್ ಅಥವಾ ಕರ್ನಲ್ ಕಡೆ ನೋಡಬೇಕು. ಕೆಲವು ಯಂತ್ರಗಳಲ್ಲಿ ಈ ಫೋಲ್ಡರ್ ಖಾಲಿಯಾಗಿಯೇ ಇರುತ್ತದೆ, ಆಗ ಅದರಿಂದ ಏನನ್ನೂ ತೀರ್ಮಾನಿಸಬೇಡಿ. ‘ಎಲ್‌ಎಸ್‌ಯುಎಸ್‌ಬಿ’ ಪಟ್ಟಿಯನ್ನೂ ಒಮ್ಮೆ ನೋಡಿ. ಅಲ್ಲಿ ‘ಡಿಸ್‌ಪ್ಲೇಲಿಂಕ್’ ಎಂಬ ಹೆಸರೋ, ‘17ಇ9’ ಎಂದು ಆರಂಭವಾಗುವ ಗುರುತೋ ಇದ್ದರೆ ನಿಮ್ಮ ಅಡಾಪ್ಟರ್ ಆಲ್ಟ್ ಮೋಡ್‌ನದೇ ಅಲ್ಲ. ಅದು ಚಿತ್ರವನ್ನು ಕುಗ್ಗಿಸಿ ಯುಎಸ್‌ಬಿ ದತ್ತಾಂಶವಾಗಿ ಕಳುಹಿಸುವ ಬಗೆಯದು, ಅದಕ್ಕೆ ‘ಇವಿಡಿಐ’ ಎಂಬ ಬೇರೆ ಮಾಡ್ಯೂಲೂ ಡಿಸ್‌ಪ್ಲೇಲಿಂಕ್‌ನ ತಂತ್ರಾಂಶವೂ ಬೇಕು. ಸೆಕ್ಯೂರ್ ಬೂಟ್ ಇದ್ದರೆ ಆ ಮಾಡ್ಯೂಲಿಗೂ ಮೇಲೆ ಹೇಳಿದ ಕೀಲಿ ನೋಂದಣಿ ಬೇಕಾಗುತ್ತದೆ.

ಇನ್ನೊಬ್ಬ ಸದಸ್ಯರು

ಎಲ್‌ಎಸ್‌ಯುಎಸ್‌ಬಿಯಲ್ಲಿ ಡಿಸ್‌ಪ್ಲೇಲಿಂಕ್ ಇಲ್ಲ. ನಾನು ಸಿಕ್ಕಿಸುತ್ತಿದ್ದುದು ಎಡಬದಿಯ ಪೋರ್ಟಿಗೆ. ಮಿಂಚಿನ ಗುರುತು ಇರುವುದು ಬಲಬದಿಯ ಪೋರ್ಟಿನ ಬಳಿ. ಅಲ್ಲಿಗೆ ಬದಲಿಸಿದಾಗ ‘ಡಿಪಿ-2’ ಎಂಬುದು ‘ಕನೆಕ್ಟೆಡ್’ ಎಂದಾಯಿತು, ಮಾನಿಟರ್ ಬಂತು. ಆದರೆ ಇದೇ ಅಡಾಪ್ಟರಿಗೆ ಎಚ್‌ಡಿಎಂಐ-ವಿಜಿಎ ಪರಿವರ್ತಕ ಸೇರಿಸಿ ಕಾಲೇಜಿನ ಹಳೆಯ ಪ್ರೊಜೆಕ್ಟರಿಗೆ ಕೊಟ್ಟರೆ 1024×768 ಮಾತ್ರ ಸಿಗುತ್ತದೆ, ಕೆಲವೊಮ್ಮೆ ಅದೂ ಹೋಗಿಬಿಡುತ್ತದೆ.

ಉತ್ತರ 3 ಬರೆದವರು

ಅದು ಮೂರನೆಯ ಬಗೆಗೆ ಹತ್ತಿರದ್ದು: ಜೋಡಣೆ ಇದೆ, ಇಡಿಐಡಿ ಬರುತ್ತಿಲ್ಲ. ಡಿಆರ್‌ಎಂ ಫೋಲ್ಡರಿನಲ್ಲಿ ಆ ಪೋರ್ಟಿನ ಒಳಗಿರುವ ‘ಇಡಿಐಡಿ’ ಫೈಲನ್ನು ಓದಿ ನೋಡಿ. ಏನೂ ಬರದಿದ್ದರೆ, ಪ್ರೊಜೆಕ್ಟರ್ ಯಾವ ಅಳತೆಗಳನ್ನು ಬಲ್ಲದು ಎಂಬುದು ಕರ್ನಲ್‌ಗೆ ತಿಳಿದಿಲ್ಲವಾದ್ದರಿಂದ ಅದು ಸುರಕ್ಷಿತವಾದ ಸಣ್ಣ ಅಳತೆಗೆ ಇಳಿಯುತ್ತದೆ. ವಿಜಿಎ ಕೇಬಲ್ ಉದ್ದವಾಗಿದ್ದಾಗ, ಇಲ್ಲವೇ ಅದರ ಕೆಲವು ಪಿನ್ನುಗಳು ಮುರಿದಿರುವಾಗ ಹೀಗಾಗುವುದು ಸಾಮಾನ್ಯ.

ನಡುನಡುವೆ ಚಿತ್ರ ಹೋಗುವುದಕ್ಕೆ ವಿದ್ಯುತ್ತಿನ ಕೊರತೆ ಕಾರಣವಿರಬಹುದು. ಎಚ್‌ಡಿಎಂಐ ನಿಯಮದ ಪ್ರಕಾರ ಮೂಲ ಸಾಧನ 5 ವೋಲ್ಟ್ ಪಿನ್ನಿನಲ್ಲಿ ಒದಗಿಸಲೇಬೇಕಾದದ್ದು 55 ಮಿಲಿಆಂಪಿಯರ್ ಮಾತ್ರ, ವಿಜಿಎಗೆ ಬದಲಿಸುವ ಚಿಪ್ಪಿಗೆ ಅದು ಎಲ್ಲ ಸಲವೂ ಸಾಲುವುದಿಲ್ಲ. ಪಕ್ಕದಲ್ಲಿ ಮೈಕ್ರೊ ಯುಎಸ್‌ಬಿ ರಂಧ್ರವಿರುವ ಪರಿವರ್ತಕ ಕೊಂಡು, ಅದಕ್ಕೆ ಫೋನ್ ಚಾರ್ಜರಿನಿಂದ ವಿದ್ಯುತ್ ಕೊಡಿ. ಅದಾದ ಮೇಲೂ ಅಳತೆ ಏರದಿದ್ದರೆ ಮಾತ್ರ ಬೂಟ್ ಸಾಲಿಗೆ ‘ವಿಡಿಯೊ=ಡಿಪಿ-2:1280x720@60ಇ’ ಎಂಬಂತಹದನ್ನು ಸೇರಿಸಿ ನೋಡಬಹುದು. ಕೊನೆಯ ‘ಇ’ ಅಕ್ಷರ ಆ ಪೋರ್ಟನ್ನು ಬಲವಂತವಾಗಿ ಚಾಲೂ ಮಾಡುತ್ತದೆ, ಹೀಗಾಗಿ ಪ್ರೊಜೆಕ್ಟರ್ ಇಲ್ಲದಾಗಲೂ ಅಲ್ಲೊಂದು ಪರದೆ ಇದೆ ಎಂದೇ ಡೆಸ್ಕ್‌ಟಾಪ್ ಭಾವಿಸಿ ಕಿಟಕಿಗಳನ್ನು ಕಾಣದ ಕಡೆ ತೆರೆಯುತ್ತದೆ. ಆದ್ದರಿಂದ ಅದನ್ನು ಬೂಟ್ ಮೆನು ತೋರಿಸುವ ಗ್ರಬ್‌ನ ಫೈಲಿನಲ್ಲಿ ಶಾಶ್ವತವಾಗಿ ಬರೆಯಬೇಡಿ. ಬೂಟ್ ಆಗುವಾಗ ಗ್ರಬ್ ಮೆನುವಿನಲ್ಲಿ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಆರಂಭವಾಗುವ ಸಾಲಿನ ಕೊನೆಗೆ ಸೇರಿಸಿ, ಎಫ್10 ಒತ್ತಿದರೆ ಆ ಒಂದು ಬೂಟಿಗೆ ಮಾತ್ರ ಅನ್ವಯವಾಗುತ್ತದೆ.